ಮಕ್ಕಳ ಮನಸ್ಸು: ಶಾಲೆಯ ಪ್ರಶ್ನೆ, ಹೆತ್ತವರ ಹೊಣೆ

ಹದಿವಯಸ್ಸಿನ ಮಕ್ಕಳ ಮನಸ್ಸಿನ ಆರೋಗ್ಯವನ್ನು ಶಾಲೆಯವರು ಪ್ರಶ್ನಪತ್ರಿಕೆ ಕೊಟ್ಟು ತಪಾಸಣೆ ಮಾಡಬಹುದೆ? ಮಾಡಿದರೆ ತಂದೆತಾಯಿಗಳ ಹೊಣೆ ಏನು? ಅಮೆರಿಕದಲ್ಲಿ ಈ ಚರ್ಚೆ ಬಹಳ ನಡೆದಿದೆ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಟೀನ್‌ಸ್ಕ್ರೀನ್’ ಯೋಜನೆಯಲ್ಲಿ ಅಲ್ಲಿನ ಕೆಲವು ಶಾಲೆಗಳು ಮನೆಗೆ ಚೀಟಿ ಕಳುಹಿಸಿ, ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ಎಣಿಸಿದವು. 2005ರಲ್ಲಿ ಇಂಡಿಯಾನಾ ರಾಜ್ಯದ ಒಬ್ಬ ಹುಡುಗಿಯ ಹೆತ್ತವರು ಕೋರ್ಟಿಗೆ ಹೋದರು. 2012ರಲ್ಲಿ ಯೋಜನೆ ನಿಂತಿತು. ಆದರೆ ಅಗತ್ಯ ನಿಲ್ಲಲಿಲ್ಲ. 2025ರಲ್ಲಿ ಇಲಿನಾಯ್ ರಾಜ್ಯವು ಶಾಲೆಗಳಲ್ಲಿ ವರ್ಷಕ್ಕೊಮ್ಮೆ ತಪಾಸಣೆ ನಡೆಸಲು ಕಾನೂನು ಮಾಡಿತು. ಬೇಡವೆನ್ನುವ ಹಕ್ಕನ್ನು ಹೆತ್ತವರಿಗೆ ಉಳಿಸಿತು.

ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ನ್ಯಾಯವಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನು ತನಗೆ ಬಾರದ ಭಾಷೆಯ ಚೀಟಿಯನ್ನು ಓದದೆ ಇಟ್ಟರೆ ಅದು ಸಮ್ಮತಿಯಾದೀತೆ? ಶಾಲೆ ಅವನಿಗೆ ತಿಳಿಯುವ ಮಾತಿನಲ್ಲಿ ಕೇಳಲಿ.

ಹಾಗೆಂದು ನಾವು ಹೆದರಿ ಬೇಡವೆನ್ನಲೂ ಬಾರದು. ಇಂಥ ಪತ್ರಿಕೆ ಜರಡಿ ಮಾತ್ರ, ತೀರ್ಪಲ್ಲ. ಪಿಎಚ್‌ಕ್ಯೂ-9 ಎಂಬುದರಲ್ಲಿ ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆಗಳಿವೆ. ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರು ಮುಂದೆ ವಿಚಾರಿಸಬೇಕು ಎಂದರ್ಥ, ಹುಚ್ಚು ಎಂದಲ್ಲ. ನಿದ್ರೆ ಬಾರದ್ದು, ಊಟ ಸೇರದ್ದು, ಬದುಕೇ ಬೇಡವೆನಿಸಿದ್ದು ಇವನ್ನು ಅಪ್ಪನಿಗೆ ಹೇಳದ ಮಗ ಕಾಗದದ ಮೇಲೆ ಬರೆದಾನು.

ಕೇಳುವವರು ಶಾಲೆಯವರಾದರೂ ಆಮೇಲೆ ಮಗುವಿನ ಪಕ್ಕ ಕೂರಬೇಕಾದವರು ನಾವು. ಹಕ್ಕು ಕೇಳುವ ನಾವು ಹೊತ್ತನ್ನೂ ಕೊಡಬೇಕು. ಭಾರತ ಸರ್ಕಾರದ ಟೆಲಿ-ಮಾನಸ್ ದೂರವಾಣಿ 2022ರಲ್ಲಿ ಆರಂಭವಾಗಿದೆ. ಹಗಲಿರುಳು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಂಖ್ಯೆ 14416. ದಯವಿಟ್ಟು ಬರೆದುಕೊಳ್ಳಿ.