ಎಂಟು ಗಂಟೆಯ ದುಡಿಮೆ: ಗಳಿಸಿಕೊಟ್ಟವರು ಯಾರು, ಹೊರಗುಳಿದವರು ಯಾರು?

(ದುಡಿಯುವ ವರ್ಗದ ಸಮಸ್ಯೆಗಳ ಕುರಿತ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು, ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಕರೆಕೊಟ್ಟರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಕಂಪೆನಿಯ ಅಧ್ಯಕ್ಷರಾದ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಎರಡೂ ಸಲ ಮಾಧ್ಯಮಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆದರೆ ಆ ಚರ್ಚೆ ಬೆಂಗಳೂರಿನ ಗಾಜಿನ ಕಟ್ಟಡಗಳ ಒಳಗಿರುವ ಇಂಜಿನಿಯರರನ್ನು ದಾಟಿ ಹೊರಬರಲಿಲ್ಲ. ಬಟ್ಟೆಯಂಗಡಿಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿಂತವನು ರಾತ್ರಿ ಒಂಬತ್ತಾದರೂ ಕುಳಿತುಕೊಳ್ಳದ ದೇಶದಲ್ಲಿ 70 ಗಂಟೆ ಎಂಬುದು ಹೊಸ ಸಲಹೆಯೇನಲ್ಲ. ಲಕ್ಷಾಂತರ ಮಂದಿ ಯಾರ ಕರೆಗೂ ಕಾಯದೆ ಅಷ್ಟು ದುಡಿಯುತ್ತಿದ್ದಾರೆ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ದಿನಕ್ಕೆ ಇಷ್ಟೇ ಗಂಟೆ ಎಂಬ ಮಿತಿ ಈ ದೇಶಕ್ಕೆ ಹೇಗೆ ಬಂತು? ಅದು ಯಾರ ಬಾಗಿಲಿಗೆ ಇನ್ನೂ ತಲುಪಿಲ್ಲ?

ಹತ್ತೊಂಬತ್ತನೆಯ ಶತಮಾನದ ಬೊಂಬಾಯಿಯ ಹತ್ತಿ ಗಿರಣಿಗಳಲ್ಲಿ ಗಡಿಯಾರಕ್ಕೆ ಬೆಲೆಯಿರಲಿಲ್ಲ. ಸೂರ್ಯ ಮೂಡಿದಾಗ ಯಂತ್ರ ತಿರುಗತೊಡಗಿದರೆ, ನಿಲ್ಲುತ್ತಿದ್ದುದು ಸೂರ್ಯ ಮುಳುಗಿದ ಮೇಲೆ. 1881ರಲ್ಲಿ ಬ್ರಿಟಿಷ್ ಸರಕಾರ ಮೊದಲ ಕಾರ್ಖಾನೆ ಕಾಯ್ದೆಯನ್ನು ತಂದಿತು. ಅದರ ಹಿಂದೆ ಅನುಕಂಪದೊಂದಿಗೆ, ಅಗ್ಗದ ಭಾರತೀಯ ಬಟ್ಟೆಯ ಸ್ಪರ್ಧೆಗೆ ಹೆದರಿದ ಲ್ಯಾಂಕಾಶೈರ್‌ನ ಗಿರಣಿ ಮಾಲಕರ ಒತ್ತಡವೂ ಇತ್ತು. ಆ ಕಾಯ್ದೆ ಏಳರಿಂದ ಹನ್ನೆರಡು ವರ್ಷದ ಮಕ್ಕಳ ದುಡಿಮೆಯನ್ನು ಒಂಬತ್ತು ಗಂಟೆಗೆ ಮಿತಿಗೊಳಿಸಿತು. ವಯಸ್ಕರಿಗೆ ಯಾವ ಮಿತಿಯೂ ಇರಲಿಲ್ಲ.

ಆಗ ಮುಂದೆ ಬಂದವರು ನಾರಾಯಣ ಮೇಘಾಜಿ ಲೋಖಂಡೆ. ಅವರು ಜ್ಯೋತಿಬಾ ಫುಲೆಯವರ ಸಹವರ್ತಿ, 'ದೀನಬಂಧು' ಪತ್ರಿಕೆಯ ಸಂಪಾದಕ. 1884ರಲ್ಲಿ ಅವರು ಬೊಂಬಾಯಿಯ ಗಿರಣಿ ಕಾರ್ಮಿಕರನ್ನು ಒಂದುಗೂಡಿಸಿ, ಸಾವಿರಾರು ಮಂದಿಯ ಸಹಿಯಿರುವ ಮನವಿಯನ್ನು ಸಲ್ಲಿಸಿದರು. ವಾರಕ್ಕೊಂದು ದಿನ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಸಕಾಲದಲ್ಲಿ ಸಂಬಳ. ಇವು ಅವರ ಬೇಡಿಕೆಗಳಲ್ಲಿ ಮುಖ್ಯವಾದವು. ಆರು ವರ್ಷಗಳ ಬಳಿಕ, 1890ರಲ್ಲಿ ಗಿರಣಿ ಮಾಲಕರು ಭಾನುವಾರದ ರಜೆಗೆ ಒಪ್ಪಿದರು. ಇಂದು ನಾವು ಮನೆಮಂದಿಯೊಂದಿಗೆ ನಿರಾಳವಾಗಿ ಕಳೆಯುವ ರಜೆಯ ದಿನ ಯಾರೋ ದಯಪಾಲಿಸಿದ ದಾನವಲ್ಲ. ಅಕ್ಷರ ಬಾರದ ಕೂಲಿಯಾಳುಗಳು ಹೆಬ್ಬೆಟ್ಟೊತ್ತಿ ಗಳಿಸಿಕೊಟ್ಟ ಹಕ್ಕದು.

ಆದರೆ ಗಳಿಸಿದ್ದು ಉಳಿಯುತ್ತದೆಂಬ ಖಾತ್ರಿಯಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿರಣಿಗಳಿಗೆ ವಿದ್ಯುದ್ದೀಪ ಬಂತು. ಸೂರ್ಯಾಸ್ತವೆಂಬ ಮಿತಿಯೂ ಹೋಯಿತು. ದುಡಿಮೆ ಹದಿನಾಲ್ಕು ಹದಿನೈದು ಗಂಟೆಗೆ ಏರಿತು. ತಂತ್ರಜ್ಞಾನ ಬಂದರೆ ಬಿಡುವು ತಾನಾಗಿ ಹೆಚ್ಚುತ್ತದೆಂದು ನಂಬುವವರು ಈ ಘಟನೆಯನ್ನು ಮರೆಯಬಾರದು. ಅಂದು ವಿದ್ಯುದ್ದೀಪ ಮಾಡಿದ್ದನ್ನೇ ಇಂದು ಕಿಸೆಯಲ್ಲಿರುವ ಮೊಬೈಲ್ ಮಾಡುತ್ತಿದೆ.

ಆ ಬಳಿಕ ಮಿತಿ ಒಂದೊಂದೇ ಮೆಟ್ಟಿಲು ಇಳಿಯಿತು. 1911ರಲ್ಲಿ ಜವಳಿ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆ. 1922ರಲ್ಲಿ ದಿನಕ್ಕೆ 11, ವಾರಕ್ಕೆ 60. 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 54. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದ ಡಾ. ಬಿ.ಆರ್. ಅಂಬೇಡ್ಕರ್ ಅವರ ಅವಧಿಯಲ್ಲಿ, 1946ರ ತಿದ್ದುಪಡಿಯ ಮೂಲಕ ವಾರಕ್ಕೆ 48 ಗಂಟೆಯೆಂಬ ಮಿತಿ ಬಂತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಗಟ್ಟಿಗೊಳಿಸಿತು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕೆಂದೂ ಅದು ವಿಧಿಸಿತು. ಮಕ್ಕಳ ಒಂಬತ್ತು ಗಂಟೆಯಿಂದ ಇಲ್ಲಿಗೆ ಬರಲು 67 ವರ್ಷಗಳೇ ಬೇಕಾದವು.

ಏರಲು 67 ವರ್ಷ ಹಿಡಿದದ್ದನ್ನು ಇಳಿಸಲು ಒಂದು ಅಧಿಸೂಚನೆ ಸಾಕು. 2020ರ ಏಪ್ರಿಲ್‌ನಲ್ಲಿ, ಕೊರೋನಾದ ನಡುವೆ, ಗುಜರಾತ್ ಸರಕಾರ ಕಾರ್ಖಾನೆಗಳಿಗೆ ದಿನಕ್ಕೆ 12 ಗಂಟೆ ದುಡಿಸಲು ಅನುಮತಿ ಕೊಟ್ಟಿತು. ಹೆಚ್ಚುವರಿ ಗಂಟೆಗಳಿಗೆ ಇಮ್ಮಡಿ ಕೂಲಿಯನ್ನೂ ಕೈಬಿಟ್ಟಿತು. ಆ ವರ್ಷದ ಅಕ್ಟೋಬರ್ 1ರಂದು ಸುಪ್ರೀಮ್ ಕೋರ್ಟು ಅದನ್ನು ರದ್ದುಪಡಿಸಿ, ಬಾಕಿ ಕೂಲಿಯನ್ನು ಪಾವತಿಸುವಂತೆ ಆದೇಶಿಸಿತು. ಆರ್ಥಿಕ ಸಂಕಷ್ಟದ ಹೊರೆಯನ್ನು ಕಾರ್ಮಿಕನ ಬೆನ್ನಿಗೇ ಕಟ್ಟಬಾರದೆಂಬುದು ಆ ತೀರ್ಪಿನ ತಿರುಳು. ನಮ್ಮ ರಾಜ್ಯ ಸರಕಾರವೂ 2020ರ ಮೇ ತಿಂಗಳಲ್ಲಿ ದಿನಕ್ಕೆ 10 ಗಂಟೆಯ ಆದೇಶ ಹೊರಡಿಸಿ, ಮರುತಿಂಗಳು ಹಿಂತೆಗೆದುಕೊಂಡಿತು. ಆದರೆ 2023ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಸಕಾಂಗವೇ, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡು, ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದಾದ ತಿದ್ದುಪಡಿಯನ್ನು ಅಂಗೀಕರಿಸಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾರ್ಖಾನೆ ಕಾಯ್ದೆಯ ಸ್ಥಾನವನ್ನು ಪಡೆದವು. ಅವುಗಳಲ್ಲಿ ದಿನಕ್ಕೆ ಎಂಟು ಗಂಟೆಯ ಮಿತಿಯಿದೆ, ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕೆಂಬ ನಿಯಮವೂ ಇದೆ. ಆದರೆ ನಾಳೆ ಕೆಲಸವಿರುತ್ತದೋ ಇಲ್ಲವೋ ಎಂದು ಅಂಜುವವನ ಒಪ್ಪಿಗೆಗೆ ಒಪ್ಪಿಗೆಯೆಂಬ ಹೆಸರು ಸಲ್ಲುತ್ತದೆಯೇ?

ಹೆಚ್ಚು ದುಡಿದರೆ ದೇಶ ಮುಂದುವರಿಯುತ್ತದೆಂಬ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ನಾರಾಯಣ ಮೂರ್ತಿಯವರು ಯುದ್ಧಾನಂತರದ ಜರ್ಮನಿ ಮತ್ತು ಜಪಾನನ್ನು ಉದಾಹರಿಸಿದರು. ಅದೇ ಜರ್ಮನಿ ಇಂದು, ಶ್ರೀಮಂತ ದೇಶಗಳ ಪೈಕಿ ವರ್ಷಕ್ಕೆ ಅತಿ ಕಡಿಮೆ ಗಂಟೆ ದುಡಿಯುವ ದೇಶಗಳಲ್ಲೊಂದು. ಅದೇ ಜಪಾನ್, ದುಡಿದು ದುಡಿದು ಸಾಯುವುದಕ್ಕೆ 'ಕರೋಶಿ' ಎಂಬ ಪ್ರತ್ಯೇಕ ಪದವನ್ನೇ ಹುಟ್ಟಿಸಿ, 2014ರಲ್ಲಿ ಅದನ್ನು ತಡೆಯಲೆಂದೇ ಕಾನೂನು ಮಾಡಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯಿಂದ ಹೃದ್ರೋಗ ಮತ್ತು ಪಾರ್ಶ್ವವಾಯುವಿಗೆ ಬಲಿಯಾದವರ ಸಂಖ್ಯೆ ಜಗತ್ತಿನಾದ್ಯಂತ 7 ಲಕ್ಷ 45 ಸಾವಿರ ಎಂದು ಅದು ಅಂದಾಜಿಸಿತು. ಮನೆಯ ಯಜಮಾನ ಐವತ್ತಕ್ಕೇ ಹಾಸಿಗೆ ಹಿಡಿದರೆ ಅವನು ಸಂಪಾದಿಸಿದ್ದೆಲ್ಲ ಆಸ್ಪತ್ರೆಯ ಪಾಲಾಗುತ್ತದೆ. ಇದನ್ನು ನಮ್ಮ ಓಣಿಗಳಲ್ಲಿ ನಾವು ಕಾಣದವರೇನಲ್ಲ.

ಸಹೋದರಿಯರೇ, ಈ ಎಲ್ಲ ಲೆಕ್ಕಗಳ ಹೊರಗೆ ಉಳಿದವರು ನೀವು. ಕರಾವಳಿಯಲ್ಲಿ ಸಾವಿರಾರು ಮಹಿಳೆಯರು ಮನೆಯಲ್ಲೇ ಕುಳಿತು ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು, ಗಂಟೆಗಲ್ಲ. ಹಾಗಾಗಿ ಅಡುಗೆಯ ನಡುವೆ, ಮಕ್ಕಳನ್ನು ಮಲಗಿಸಿದ ಮೇಲೆ, ಮೊರ ತೊಡೆಯ ಮೇಲೆಯೇ ಇರುತ್ತದೆ. ಮನೆಯೇ ಕಾರ್ಖಾನೆಯಾದಾಗ ಅಲ್ಲಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ವ್ಯಯಿಸುವುದು ದಿನಕ್ಕೆ 289 ನಿಮಿಷ. ಆ ಕೆಲಸಕ್ಕೆ ಕೈಹಚ್ಚುವ ಪುರುಷರು ವ್ಯಯಿಸುವುದು 88 ನಿಮಿಷ. ಬೀಡಿಯ ಗಂಟೆಗಳನ್ನು ಇದರ ಮೇಲೆ ಕೂಡಿಸಿದರೆ, 70 ಗಂಟೆಯ ಉಪದೇಶ ಕೊಟ್ಟವರು ಈ ತಾಯಂದಿರ ಮುಂದೆ ತಲೆತಗ್ಗಿಸಬೇಕಾಗುತ್ತದೆ.

ಕೊನೆಗೆ ಒಂದು ಕಹಿಮಾತು. ಸರಕಾರವನ್ನೂ ಉದ್ಯಮಪತಿಗಳನ್ನೂ ಟೀಕಿಸುವುದು ಸುಲಭ. ಆದರೆ ನಮ್ಮ ಊರುಗಳ ಬಟ್ಟೆಯಂಗಡಿ, ಚಪ್ಪಲಿಯಂಗಡಿ, ಹೊಟೇಲು, ಗ್ಯಾರೇಜುಗಳ ಗಲ್ಲಾದಲ್ಲಿ ಕುಳಿತವರು ಯಾರು? ಅವರಲ್ಲಿ ಅನೇಕರು ನಾವೇ ಅಲ್ಲವೇ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ದಿನದ ದುಡಿಮೆಗೆ ಮಿತಿ, ನಡುವೆ ಬಿಡುವು, ವಾರದ ರಜೆ ಎಲ್ಲವೂ ಅದರಲ್ಲಿವೆ. ಆದರೂ ರಮಝಾನಿನ ಕೊನೆಯ ದಿನಗಳಲ್ಲಿ ನಮ್ಮ ಅಂಗಡಿಗಳ ಹುಡುಗರು ಮಧ್ಯರಾತ್ರಿಯವರೆಗೆ ಸೀರೆ ಮಡಚುತ್ತಿರುತ್ತಾರೆ. ಅವರೂ ಉಪವಾಸಿಗರು, ಅವರ ಮನೆಯಲ್ಲೂ ಹಬ್ಬವಿದೆ. "ಹುಡುಗ ನಮ್ಮವನೇ, ಮನೆಯವನಿದ್ದಂತೆ" ಎಂದು ಯಜಮಾನರು ಹೇಳುತ್ತಾರೆ. ಮನೆಯವನಾಗಿದ್ದರೆ ಅವನಿಗೆ ಸಕಾಲದಲ್ಲಿ ಮನೆಗೆ ಹೋಗುವ ಹಕ್ಕೂ ಇರಬೇಕಲ್ಲವೇ? ರಾತ್ರಿ ಹತ್ತರ ಬಳಿಕ ಖರೀದಿಗೆ ಹೊರಡುವ ನಾವು ಗಿರಾಕಿಗಳೂ ಇದರಲ್ಲಿ ಪಾಲುದಾರರು.

ಲೋಖಂಡೆಯವರು ಕೇಳಿದ್ದು ಏನನ್ನು? ವಾರಕ್ಕೊಂದು ದಿನ, ಮಧ್ಯಾಹ್ನ ಅರ್ಧ ಗಂಟೆ, ಹೊತ್ತಿಗೆ ಸರಿಯಾದ ಸಂಬಳ. ಇಷ್ಟನ್ನು ಕೊಡಲು ನಮಗೆ ಹೊಸ ಕಾನೂನು ಬೇಕಿಲ್ಲ, ಚಳವಳಿಯೂ ಬೇಕಿಲ್ಲ. ಈ ಸಭೆಯಿಂದ ಹೊರಟು ಅಂಗಡಿಗೆ ಮರಳುವ ಯಜಮಾನರು ಗೋಡೆಯ ಗಡಿಯಾರವನ್ನೊಮ್ಮೆ ನೋಡಲಿ. ಬಳಿಕ, ಬೆಳಗ್ಗಿನಿಂದ ನಿಂತೇ ಇರುವ ಹುಡುಗನ ಕಾಲುಗಳನ್ನೊಮ್ಮೆ ನೋಡಲಿ. ಸುಧಾರಣೆ ಅಲ್ಲಿಂದಲೇ ಆರಂಭವಾಗಲಿ.