ವಾರದ ಸಭೆ ಮತ್ತು ಮನೆಬಾಗಿಲು

(ಪಟ್ಟಣದ ರೋಟರಿ ಕ್ಲಬ್ಬಿನ ಸಭೆಯಲ್ಲಿ ಅತಿಥಿಯಾಗಿ ಮಾಡಿದ ಭಾಷಣ)



ಗಂಟೆ ಬಾರಿಸಿ ಸಭೆ ಆರಂಭಿಸಿದಿರಿ, ಹಾಜರಿ ದಾಖಲಿಸಿದಿರಿ. ಈ ಶಿಸ್ತನ್ನು ನಾನು ಲಘುವಾಗಿ ಕಾಣುವವನಲ್ಲ. 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಈಗ ಎಷ್ಟೋ ಪಟ್ಟಣಗಳಲ್ಲಿ ಆ ಸರದಿ ನಿಂತು, ಸಭೆಯು ಒಂದೇ ಹೋಟೆಲಿನ ಮಹಡಿಗೆ ಅಂಟಿಕೊಂಡಿದೆ.

ಆದರೆ ನಿಮ್ಮ ಸಂಸ್ಥೆಯ ಅತಿ ದೊಡ್ಡ ಕಾರ್ಯ ನಡೆದದ್ದು ಸಭಾಂಗಣದ ಹೊರಗೆ. 1985ರಲ್ಲಿ ರೋಟರಿ ಪೋಲಿಯೊ ನಿರ್ಮೂಲನೆಗೆ ಕೈಹಾಕಿತು. ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಮ್ ಮೊಹಲ್ಲಾಗಳಲ್ಲಿ, ಹನಿ ಹಾಕಿಸಿದರೆ ಮುಂದೆ ಸಂತಾನವಾಗದು ಎಂಬ ವದಂತಿ ಹಬ್ಬಿತ್ತು. ಭಿತ್ತಿಪತ್ರಗಳಿಂದಷ್ಟೇ ಅದು ಕರಗುವಂತಿರಲಿಲ್ಲ. ಉಲಮಾಗಳನ್ನು ಜೊತೆಗೂಡಿಸಿಕೊಂಡು ಮನೆಮನೆಗೆ ಹೋಗಬೇಕಾಯಿತು, ಬಾಗಿಲುಗಳು ತೆರೆದುಕೊಂಡವು. ಸಹಜ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ದೇಶದಲ್ಲಿ ಕಂಡುಬಂದದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ.

ವಾರವಾರವೂ ಸೇರಲೇಬೇಕೆಂಬ ನಿಯಮವನ್ನು 2016ರಲ್ಲಿ ರೋಟರಿ ಸಡಿಲಿಸಿತು. ತಿಂಗಳಿಗೆ ಎರಡು ಸಭೆ ಸಾಕು. ಹಾಗಾದರೆ ಉಳಿದ ಎರಡು ಸಂಜೆ ನಮ್ಮ ಮೊಹಲ್ಲಾಕ್ಕೆ ಬನ್ನಿ. ಅಲ್ಲಿ ಶಾಲೆ ಬಿಟ್ಟ ಮಕ್ಕಳ ಮನೆಗಳಿವೆ. ಅವರ ತಂದೆತಾಯಿಯರೊಡನೆ ಕುಳಿತು ಮಾತನಾಡಿ. ಊಟದ ವ್ಯವಸ್ಥೆ ನಮ್ಮದು.