ಕವಾಯತಿನ ಮೈದಾನದಾಚೆ



ವಿದ್ಯಾರ್ಥಿಗಳ ಸೈನಿಕ ಶಿಕ್ಷಣವೆಂದೊಡನೆ ಬಹುಮಂದಿಯ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಭಾನುವಾರದ ಬೆಳಗು, ಕಾಲೇಜಿನ ಮೈದಾನ, ಗಂಜಿ ಹಾಕಿದ ಖಾಕಿ ಉಡುಪು, ಕವಾಯತಿನ ಕೂಗು, ಕೊನೆಯಲ್ಲಿ ಉಪಾಹಾರ. ಈ ಕಡೆಯದರ ಆಕರ್ಷಣೆ ಅಲ್ಪವಾದುದಲ್ಲವೆಂದು ಅನುಭವದಿಂದ ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಈಗ ನಿವೇದಿಸಬೇಕೆಂದಿರುವುದು ಮೈದಾನದ ಹೊರಗೆ, ಅರಸೀಕೆರೆಯಿಂದ ಬೇಲೂರಿನವರೆಗಿನ ದಾರಿಯಲ್ಲಿ, ನಾನು ಕಲಿತ ಪಾಠವನ್ನು.

ಈ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ನೂರು ವರ್ಷಗಳಿಗೂ ಮೀರಿದ ಇತಿಹಾಸವುಂಟು. ೧೯೨೦ರ ಶಾಸನದಿಂದ ರೂಪುಗೊಂಡ ವಿಶ್ವವಿದ್ಯಾನಿಲಯಗಳ ಶಿಕ್ಷಣದಳವು ೧೯೪೨ರಲ್ಲಿ ಅಧಿಕಾರಿಗಳ ಶಿಕ್ಷಣದಳವೆಂಬ ಹೆಸರನ್ನು ಪಡೆಯಿತು. ಪಂಡಿತ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ ೧೯೪೬ರಲ್ಲಿ ನೇಮಕವಾದ ಸಮಿತಿಯ ಸಲಹೆಯ ಮೇರೆಗೆ, ೧೯೪೮ರಲ್ಲಿ ಎನ್.ಸಿ.ಸಿ. ಸ್ಥಾಪಿತವಾಯಿತು. ಚೀನಾ ಯುದ್ಧದ ಮರುವರ್ಷ, ಎಂದರೆ ೧೯೬೩ರಲ್ಲಿ, ಅದು ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿ, ೧೯೬೮ರಲ್ಲಿ ಪುನಃ ಐಚ್ಛಿಕವಾಯಿತು. ನಾನು ಆ ಕಡ್ಡಾಯದ ಕಾಲದವನು.

೧೯೬೪ನೆಯ ಇಸವಿಯ ಡಿಸೆಂಬರಿನಲ್ಲಿ ಅರಸೀಕೆರೆಯ ಒಂದು ತೆಂಗಿನ ತೋಟದ ಮಗ್ಗುಲಲ್ಲಿ ನಮ್ಮ ಶಿಬಿರ ನಡೆಯಿತು. ರಾತ್ರಿಯೆಲ್ಲ ರೈಲ್ವೆ ಜಂಕ್ಷನ್ನಿನ ಸದ್ದು. ಒಂದು ಗಾಡಿ ಹುಬ್ಬಳ್ಳಿಯ ಕಡೆಗೆ, ಇನ್ನೊಂದು ಹಾಸನದ ಕಡೆಗೆ. ಊರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪವನ್ನು ನೋಡಿಬಂದ ಮರುದಿನ, ಇಪ್ಪತ್ತೆಂಟು ಜನ ಜಾವಗಲ್ಲು, ಹಳೇಬೀಡುಗಳ ಮಾರ್ಗವಾಗಿ ಬೇಲೂರಿಗೆ ನಡೆಯಬೇಕೆಂದು ಆಜ್ಞೆಯಾಯಿತು. ಅಂಡರ್ ಆಫೀಸರನಾಗಿದ್ದ ನಾನು ಅವರ ನಾಯಕ. ವಯಸ್ಸು ಹತ್ತೊಂಬತ್ತು, ಭುಜದ ಮೇಲಿನ ಪಟ್ಟಿ ಹೊಸದು. ಹೊತ್ತಿಗೆ ಮುಂಚೆ ತಲುಪಿ ಶಹಬಾಸ್‌ಗಿರಿ ಪಡೆಯಬೇಕೆಂಬ ಹಂಬಲದಲ್ಲಿ, ಯಾರೂ ಸಾಲು ಬಿಟ್ಟು ಕೂರಕೂಡದೆಂದು ವಿಧಿಸಿದೆ.

ಸಂಜೆ ಜಾವಗಲ್ಲಿನಲ್ಲಿ ಬೀಡುಬಿಟ್ಟೆವು. ನಾನು ತಂಬಿಗೆಯ ನೀರನ್ನು ಬಾಯಿಗೆ ಸುರಿದುಕೊಳ್ಳುತ್ತಿರುವಾಗ ನಮ್ಮ ಹವಾಲ್ದಾರರು, ತೊಗಲಿನಂತೆ ಒರಟಾದ ಕೈಗಳ ಹಾಸನದ ಸೀಮೆಯವರು, ಒಬ್ಬ ಹುಡುಗನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, "ಬೂಟು ಬಿಚ್ಚೋ ಮಗಾ" ಎಂದರು. ಕಾಲುಚೀಲ ರಕ್ತದಿಂದ ಅಂಗಾಲಿಗೆ ಅಂಟಿಕೊಂಡಿತ್ತು. ಅಳತೆಗೆ ಹೊಂದದ ಬೂಟು. ಅರ್ಧ ದಾರಿಯಿಂದಲೂ ಅವನು ಹಾಗೆಯೇ ನಡೆದಿದ್ದ. ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ಆರ್ಡರ್ ಇತ್ತು, ಉಸ್ತಾದ್" ಎಂದನು.

ಹವಾಲ್ದಾರರು ಅವನನ್ನು ಗದರಿಸಲಿಲ್ಲ. ಬಿಸಿನೀರಿನಲ್ಲಿ ಕಾಲನ್ನು ನೆನೆಸಿ, ಚೀಲವನ್ನು ಎಳೆಎಳೆಯಾಗಿ ಬಿಡಿಸಿ, ಪಟ್ಟಿ ಕಟ್ಟಿದರು. ಅನಂತರ ನನ್ನನ್ನು ಪಕ್ಕಕ್ಕೆ ಕರೆದು, "ದಳ ನಿಂತ ಕಡೆ ಮೊದಲು ಅವರ ಕಾಲು ನೋಡ್ಬೇಕು. ಆಮೇಲೆ ನಾಯಕ ನೀರು ಕುಡೀಬೇಕು" ಎಂದರು. ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಆ ರಾತ್ರಿ ಉಳಿದ ಇಪ್ಪತ್ತೇಳು ಜನರ ಕಾಲುಗಳನ್ನು ಲಾಟೀನು ಹಿಡಿದು ನಾನು ಪರೀಕ್ಷಿಸಿದೆ. ಮತ್ತೆ ಮೂವರಿಗೆ ಬೊಬ್ಬೆಗಳಿದ್ದುವು.

ಮರುದಿನ ಆ ಹುಡುಗನು ಸಾಮಾನಿನ ಲಾರಿಯಲ್ಲಿ ನಮಗಿಂತ ಮುಂಚೆಯೇ ಹಳೇಬೀಡನ್ನು ಸೇರಿದ್ದನು. ಹೊಯ್ಸಳೇಶ್ವರ ದೇವಾಲಯದ ಆನೆಯ ಸಾಲು, ಸಿಂಹದ ಸಾಲು, ಕುದುರೆಸವಾರರ ಸಾಲುಗಳನ್ನು ಕುರಿತು ತಾವು ಬೇಕಾದಷ್ಟು ಕೇಳಿರುವಿರಿ. ೨೦೨೩ರಲ್ಲಿ ಈ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೂ ಸೇರಿದುವು. ನಮ್ಮನ್ನು ತಡೆದು ನಿಲ್ಲಿಸಿದುದು ಬೇರೊಂದು: ದೇವಾಲಯದ ದಕ್ಷಿಣಕ್ಕಿರುವ ಕಂಬ. ವಿಷ್ಣುವಿನ ಗುಡಿಯ ಮುಂದೆ ನಿಲ್ಲಿಸುವ ಗರುಡಗಂಬ ಇದಲ್ಲ. ಒಡೆಯನೊಡನೆ ಪ್ರಾಣ ಬಿಡುವೆವೆಂದು ಭಾಷೆಯಿತ್ತ ವೀರರಿಗೂ ಗರುಡರೆಂಬ ಹೆಸರಿತ್ತು. ೧೨೨೦ರಲ್ಲಿ ಎರಡನೆಯ ವೀರಬಲ್ಲಾಳನು ತೀರಿಕೊಂಡಾಗ, ಅವನು ಮಗನಂತೆ ಸಾಕಿದ್ದ ದಂಡನಾಯಕ ಕುವರ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ, ತನ್ನ ಪಡೆಯ ವೀರರೊಡನೆ ಆತ್ಮಾರ್ಪಣೆ ಮಾಡಿದುದನ್ನು ಈ ಕಂಬ ಸಾರುತ್ತದೆ. ಕತ್ತಿಯನ್ನು ತಮ್ಮ ಕೊರಳಿಗೇ ಒಡ್ಡಿಕೊಂಡ ಪುಟ್ಟ ವಿಗ್ರಹಗಳು ಅದರ ಮೇಲಿವೆ.

ನಮ್ಮೊಡನಿದ್ದ ಇತಿಹಾಸದ ಅಧ್ಯಾಪಕರು ಇದನ್ನು ವಿವರಿಸುತ್ತಿದ್ದಾಗ ಎಲ್ಲರಿಗೂ ರೋಮಾಂಚವಾಯಿತು. ನನಗಂತೂ ಕಣ್ಣು ತುಂಬಿತು. ಹವಾಲ್ದಾರರು ಮಾತ್ರ ಕಂಬವನ್ನು ಒಂದು ಸುತ್ತು ಬಂದು ಕೇಳಿದರು:

"ಇಷ್ಟು ಜನ ಹೋಗಿಬಿಟ್ರೆ, ಸಾರ್, ಮಾರನೇ ದಿನ ಕೋಟೆ ಬಾಗಿಲಿಗೆ ಕಾವಲು ನಿಂತೋರು ಯಾರು?"

ಅಧ್ಯಾಪಕರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. "ಮಗ ನರಸಿಂಹ ಪಟ್ಟಕ್ಕೆ ಬಂದ. ಕಾವಲಿನ ವಿಚಾರ ಕಂಬ ಹೇಳುವುದಿಲ್ಲ" ಎಂದರು. ಯಾರೂ ನಗಲಿಲ್ಲ. ಆ ವೀರರ ನಿಷ್ಠೆಯನ್ನು ಹಗುರವಾಗಿ ನುಡಿಯುವ ಯೋಗ್ಯತೆ ನನಗೆ ಇಂದಿಗೂ ಇಲ್ಲ. ಆದರೆ ಅದೇ ಕ್ಷಣದಲ್ಲಿ ನನ್ನ ಕಣ್ಣು ಲಾರಿಯ ಹಿಂಬದಿಯಲ್ಲಿ ಕಾಲು ಚಾಚಿ ಕುಳಿತ ಹುಡುಗನ ಕಡೆಗೆ ಹೋಯಿತು. ಅವನು ರಕ್ತ ಸುರಿಸಿದುದು ದೇಶಕ್ಕಾಗಿಯೂ ಅಲ್ಲ, ಒಡೆಯನಿಗಾಗಿಯೂ ಅಲ್ಲ. ನಾನು ಅರ್ಧ ಗಂಟೆ ಮುಂಚೆ ತಲುಪಬೇಕೆಂಬುದಕ್ಕಾಗಿ.

ಬೇಲೂರಿಗೆ ಅಲ್ಲಿಂದ ಹತ್ತು ಮೈಲಿ. ಅಂದು ಗಂಟೆಗೊಮ್ಮೆ ನಿಂತೆವು, ಪ್ರತಿ ಸಲವೂ ಬೂಟು ಬಿಚ್ಚಿಸಿದೆ. ತಡವಾಯಿತು, ಅದಕ್ಕೆ ಮೇಲಿನವರಿಂದ ಮಾತು ಕೇಳಿದ್ದೂ ಆಯಿತು. ಚೆನ್ನಕೇಶವನ ಗುಡಿಯಲ್ಲಿ ಪೂಜೆ ನಡೆಯುತ್ತಿತ್ತು. ಮಹಾದ್ವಾರದ ಹೊರಗೆ ಇಪ್ಪತ್ತೇಳು ಜೊತೆ ಬೂಟುಗಳನ್ನು ಸಾಲಾಗಿ ಇರಿಸಿದೆವು. ಲಾರಿಯಿಂದಿಳಿದ ಹುಡುಗನು ಪಟ್ಟಿ ಕಟ್ಟಿದ ಬರಿಗಾಲಿನಲ್ಲಿ, ನನ್ನ ಭುಜವನ್ನು ಹಿಡಿದು ಕುಂಟುತ್ತ, "ಈಗ ಎಲ್ಲರೂ ನನ್ನ ಹಾಗೇ ಆದಿರಿ, ಸಾರ್" ಎಂದು ನಗುತ್ತ ಒಳಕ್ಕೆ ನಡೆದನು.